ಕ್ರೀಡಾಪಾಠ ಮೀಮಾಂಸೆ: ಪರೇಡ್ ಗ್ರೌಂಡ್ ಖಂಡ

ಶಾಸ್ತ್ರಗ್ರಂಥ ಎಂದಮೇಲೆ ಅನುಬಂಧ ಚತುಷ್ಟಯ ಹೇಳಿಯೇ ಮುಂದುವರಿಯಬೇಕು. ಇಲ್ಲಿನ ವಿಷಯ, ಆಟದಿಂದ ಬದುಕಿಗೆ ಪಾಠ ಹಿಂಡುವ ಕಲೆ. ಪ್ರಯೋಜನ, ಯಶಸ್ಸು, ಅದು ಸಿಗದಿದ್ದರೆ ಕನಿಷ್ಠ ಒಂದು ಸರ್ಟಿಫಿಕೇಟು. ಸಂಬಂಧ, ಆಟಕ್ಕೂ ಯಶಸ್ಸಿಗೂ ನಡುವೆ ಇದೆಯೆಂದು ಸ್ಫೂರ್ತಿ ಭಾಷಣಕಾರರು ಗಂಟೆಗಿಷ್ಟು ಎಂದು ವಸೂಲು ಮಾಡಿ ತೋರಿಸಿಕೊಡುವ ನಂಟು. ಇನ್ನು ಅಧಿಕಾರಿ, ಅಂದರೆ ಈ ಗ್ರಂಥ ಓದಲು ಅರ್ಹತೆಯುಳ್ಳವನು: ಕಂಪನಿಯ ಖರ್ಚಿನಲ್ಲಿ ಕೊಚ್ಚಿಗೆ ಬಂದು, ಬೆಳಿಗ್ಗೆ ಪುಟ್ಟು-ಕಡಲೆ ಗಡದ್ದಾಗಿ ಹೊಡೆದು, ಪರದೆ ಎಳೆದ ಎ.ಸಿ. ಹಾಲಿನಲ್ಲಿ ಕೂತು, 'ಬದುಕೊಂದು ಆಟ' ಎಂಬ ಸ್ಲೈಡು ನೋಡಿದವನು. ನೋಡುತ್ತ ನೋಡುತ್ತ ತೂಕಡಿಸಿದವನು ಉತ್ತಮಾಧಿಕಾರಿ.

ಸಂಶೋಧನೆಗೆ ಫೋರ್ಟ್ ಕೊಚ್ಚಿಯನ್ನೇ ಆರಿಸಿಕೊಂಡದ್ದಕ್ಕೆ ಘನವಾದ ಕಾರಣಗಳಿವೆ (ಕಂಪನಿಯವರು ರೂಮು ಮಾಡಿದ್ದು ಅಲ್ಲೇ ಎಂಬುದು ಗೌಣ). ಪೋರ್ಚುಗೀಸರು, ಡಚ್ಚರು, ಬ್ರಿಟಿಷರು ಒಬ್ಬರಾದ ಮೇಲೊಬ್ಬರು ಇನ್ನಿಂಗ್ಸ್ ಆಡಿ ಹೋದ ಊರು ಇದು. ಸಿಪಾಯಿಗಳ ಕವಾಯತಿನ ಪರೇಡ್ ಗ್ರೌಂಡಿನಲ್ಲಿ ಈಗ ಹುಡುಗರು ಚೆಂಡಾಡುತ್ತಾರೆ. ಪಕ್ಕದ ಸೇಂಟ್ ಫ್ರಾನ್ಸಿಸ್ ಚರ್ಚಿನಲ್ಲಿ ವಾಸ್ಕೋ ಡ ಗಾಮನನ್ನು ಹೂಳಿದ್ದ ಜಾಗವಿದೆ. 1524ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡವನ ಅವಶೇಷಗಳನ್ನು ಪೋರ್ಚುಗಲ್ಲಿಗೆ ಸಾಗಿಸಿದ್ದು 1539ರಲ್ಲಿ. ಹದಿನೈದು ವರ್ಷ ಬೆಂಚಿನಲ್ಲಿ ಮಲಗಿದ್ದರೂ ಟ್ರಾನ್ಸ್‌ಫರ್ ಸಿಕ್ಕೇ ಸಿಗುತ್ತದೆ, ತಾಳ್ಮೆ ಬೇಕು ಎಂಬ ಈ ಪಾಠ ಯಾವ ಭಾಷಣಕಾರನಿಗೂ ಹೊಳೆದಿಲ್ಲ. ಉಚಿತವಾಗಿ ಕೊಡುತ್ತಿದ್ದೇವೆ.

ನಮ್ಮ ಭಾಷಣಕಾರರಿಗೆ ಹೊಳೆದದ್ದು ಚೀನೀ ಬಲೆ. ಕಿಟಕಿಯ ಪರದೆ ಸ್ವಲ್ಪ ಸರಿಸಿ, "ನೋಡಿ, ಟೀಮ್ ವರ್ಕ್" ಎಂದರು. ನೋಡಿದೆವು. ನಾಲ್ಕೈದು ಜನ ಹಗ್ಗ ಜಗ್ಗುತ್ತಿದ್ದರು, ಹಗ್ಗಗಳಿಗೆ ಕಟ್ಟಿದ ದಪ್ಪ ಕಲ್ಲುಗಳು ಇಳಿದಂತೆ ಬಲೆ ಮೇಲೇಳುತ್ತಿತ್ತು. ಏನೂ ಮಾಡದೆ ತೂಗಾಡಿಕೊಂಡಿದ್ದು ತನ್ನ ಭಾರದಿಂದಲೇ ಸಂಸ್ಥೆಗೆ ಉಪಕಾರ ಮಾಡುವ ಆ ಕಲ್ಲುಗಳನ್ನು ಕಂಡು ನಮ್ಮ ಆಡಳಿತ ವಿಭಾಗದ ಹಿರಿಯರೊಬ್ಬರು ಗದ್ಗದಿತರಾದರು. ಬಲೆಯಲ್ಲಿ ಬಂದದ್ದು ಎರಡು ಮೀನು, ಒಂದು ಪ್ಲಾಸ್ಟಿಕ್ ಬಾಟಲಿ.

ಈಗ ಪೂರ್ವಪಕ್ಷ. ಭಾಷಣಕಾರರ ವಾದವನ್ನು ನ್ಯಾಯಶಾಸ್ತ್ರದ ಅಚ್ಚಿಗೆ ಹಾಕಿದರೆ ಹೀಗಾಗುತ್ತದೆ. ಪ್ರತಿಜ್ಞೆ: ನೀವು ಗೆಲ್ಲುತ್ತೀರಿ. ಹೇತು: ಪರಿಶ್ರಮ, ಶಿಸ್ತು, ಒಗ್ಗಟ್ಟು ಇರುವುದರಿಂದ. ಉದಾಹರಣೆ: ಎಲ್ಲೆಲ್ಲಿ ಇವು ಇವೆಯೋ ಅಲ್ಲಲ್ಲಿ ಕಪ್ ಇದೆ, ಗೆದ್ದ ತಂಡದಲ್ಲಿರುವಂತೆ. ಮೇಲುನೋಟಕ್ಕೆ ಹೊಗೆ-ಬೆಂಕಿಯಷ್ಟು ಗಟ್ಟಿ. ಆದರೆ ಈ ಮಾತನ್ನು ಕೊಚ್ಚಿಯಲ್ಲಿ ಹೇಳಬಾರದಿತ್ತು. ಕಲೂರಿನ ಜವಾಹರಲಾಲ್ ನೆಹರೂ ಸ್ಟೇಡಿಯಂ ಇಲ್ಲಿಂದ ದೂರವೇನಲ್ಲ. ಅಲ್ಲಿ ಆಡುತ್ತ ಬಂದ ಫುಟ್‌ಬಾಲ್ ತಂಡ ಕೇರಳ ಬ್ಲಾಸ್ಟರ್ಸ್ ಇಂಡಿಯನ್ ಸೂಪರ್ ಲೀಗಿನ ಫೈನಲ್ ಮುಟ್ಟಿದ್ದು 2014, 2016 ಮತ್ತು 2022ರಲ್ಲಿ, ಮೂರು ಸಲ. ಮೂರೂ ಸಲ ಸೋಲು. ಮೊದಲ ಸಲ ಹೆಚ್ಚುವರಿ ನಿಮಿಷದ ಗೋಲಿಗೆ, ಆಮೇಲೆರಡು ಸಲ ಪೆನಾಲ್ಟಿಗೆ. 2016ರದ್ದಂತೂ ಕಲೂರಿನಲ್ಲೇ, ಹಳದಿ ಅಂಗಿ ತೊಟ್ಟ ಅಭಿಮಾನಿ ಬಳಗ 'ಮಂಜಪ್ಪಡ'ದ ಕಣ್ಣೆದುರೇ. ಹೊಗೆ ಧಾರಾಳವಾಗಿತ್ತು, ಬೆಂಕಿ ಪಕ್ಕದ ಮನೆಯಲ್ಲಿ ಹತ್ತಿತು. ತಾರ್ಕಿಕರು ಇದನ್ನು 'ಸವ್ಯಭಿಚಾರ ಹೇತ್ವಾಭಾಸ' ಎನ್ನುತ್ತಾರೆ. ಕನ್ನಡಿಗರು ಇದನ್ನು ಪ್ರತಿ ಬೇಸಿಗೆಯಲ್ಲಿ 'ಈ ಸಲ ಕಪ್ ನಮ್ದೇ' ಎಂದರು. ವಾಕ್ಯ ನಿಜವಾದದ್ದು ಹದಿನೆಂಟನೇ ಐಪಿಎಲ್‌ಗೆ. ವರ್ಷವರ್ಷವೂ ಹೇಳುತ್ತಿದ್ದರೆ ಎಂತಹ ವಾಕ್ಯವೂ ಒಂದು ದಿನ ಪ್ರಮಾಣವಾಗುತ್ತದೆ ಎಂಬುದು ಬೇರೆ ಶಾಸ್ತ್ರ.

ಆಕ್ಷೇಪ ಬರಬಹುದು: ಅದು ಮಾನಸಿಕ ಏಕಾಗ್ರತೆಯ ಕೊರತೆ, ಕೊನೇ ಕ್ಷಣದವರೆಗೂ ಎಚ್ಚರವಾಗಿರಬೇಕು ಎಂದು. ಒಳ್ಳೆಯದು, ಕೊನೇ ಕ್ಷಣವನ್ನೇ ಹಿಡಿಯೋಣ. 2023ರ ಮಾರ್ಚ್ 3, ಬೆಂಗಳೂರಿನ ಕಂಠೀರವ. ಪ್ಲೇ-ಆಫ್ ಪಂದ್ಯ, ನಿಗದಿತ ಅವಧಿ ಗೋಲಿಲ್ಲದೆ ಮುಗಿದು ಹೆಚ್ಚುವರಿ ಆಟ. ಬೆಂಗಳೂರು ಎಫ್‌ಸಿಗೆ ಫ್ರೀ ಕಿಕ್. ಬ್ಲಾಸ್ಟರ್ಸ್‌ನವರು ಗೋಡೆ ಕಟ್ಟುವ ಸಿದ್ಧತೆಯಲ್ಲಿದ್ದರು. (ಗೋಡೆ ಎಂದರೆ ದ್ರಾವಿಡ್ ಎಂದುಕೊಂಡು ಬೆಳೆದ ಊರಿನಲ್ಲಿ ಎದುರಾಳಿ ಗೋಡೆ ಕಟ್ಟುವುದೇ ಉದ್ಧಟತನ.) ಕಟ್ಟುವ ಮೊದಲೇ ಸುನಿಲ್ ಛೇಟ್ರಿ ಚೆಂಡನ್ನು ಬಲೆಗೆ ತೇಲಿಸಿಬಿಟ್ಟರು. ರೆಫರಿ ಗೋಲು ಎಂದರು. ಬ್ಲಾಸ್ಟರ್ಸ್ ತಂಡ ಮೈದಾನ ಬಿಟ್ಟು ಹೊರನಡೆಯಿತು. ಫುಟ್‌ಬಾಲ್ ಫೆಡರೇಷನ್ 4 ಕೋಟಿ ರೂಪಾಯಿ ದಂಡ ಹಾಕಿತು, ಕೋಚ್ ಇವಾನ್ ವುಕೊಮನೋವಿಚ್‌ಗೆ 10 ಪಂದ್ಯ ನಿಷೇಧ.

ಪಾಠವೇನು? ಬೆಂಗಳೂರಿನಲ್ಲಿ ಕೇಳಿದರೆ, "ಅವಕಾಶ ಕಂಡ ಕೂಡಲೇ ಬಾಚಿಕೊಳ್ಳಬೇಕು". ಇದನ್ನು ನಿತ್ಯಜೀವನಕ್ಕೆ ಅನ್ವಯಿಸಬಹುದು: ಮನೆಮಂದಿಯೆಲ್ಲ ಯಾರು ಎಲ್ಲಿ ಕೂರುವುದೆಂದು ಚರ್ಚಿಸುತ್ತಿರುವಾಗ ಕೊನೆಯ ಹಪ್ಪಳ ಎತ್ತಿಬಿಡುವುದು. ಕೊಚ್ಚಿಯ ಪಾಠ ತಿಳಿಯಲೆಂದು ಬಲೆಗಳ ಪಕ್ಕದ ಚಹಾದಂಗಡಿಗೆ ಹೋದೆವು. "ಚೇಟಾ, ಒಂದು ಚಾಯ" ಎಂದೆ. ಅವರು ಎತ್ತರದಿಂದ ಚಹಾ ಸುರಿಯುತ್ತ ಎಲ್ಲಿಂದ ಬಂದದ್ದೆಂದು ಕೇಳಿದರು. "ಬೆಂಗಳೂರು." ಸುರಿಯುವುದು ಅರ್ಧಕ್ಕೆ ನಿಂತಿತು. ಡಬರಿಯನ್ನು ಕೆಳಗಿಟ್ಟು, ನನ್ನನ್ನೇ ನೋಡುತ್ತ, ಹಿಂದಿಲ್ಲ ಮುಂದಿಲ್ಲ, "ವಿಸಿಲ್ ಊತಿಯಿಲ್ಲ" ಎಂದರು. ನಾನು ಪ್ರತಿಪಕ್ಷದ ವಾದ ಮಂಡಿಸಿದೆ: ವಿಸಿಲೂ ಬೇಡ, ಗೋಡೆಯೂ ಬೇಡ ಎಂದು ರೆಫರಿಗೆ ಮೊದಲೇ ತಿಳಿಸಿದ್ದಾಗಿ ಛೇಟ್ರಿ ಹೇಳಿದ್ದಾರಲ್ಲ? ಚಹಾ ಬಂತು. ಸಕ್ಕರೆ ಬರಲಿಲ್ಲ.

ಅಲ್ಲಿಗೆ ಒಂದು ತತ್ತ್ವ ಸಿದ್ಧವಾಯಿತು: ಆಟದ ಪಾಠ ದೇಶಾಧೀನ. ಕಾಲಾಧೀನವೂ ಹೌದು. ಆ ಗೋಲಿನ ಬಲದಿಂದ ಮುಂದೆ ಸಾಗಿದ ಬೆಂಗಳೂರು ಎಫ್‌ಸಿ ಅದೇ ಮಾರ್ಚ್ 18ರಂದು ಫೈನಲ್ಲಿನಲ್ಲಿ ಪೆನಾಲ್ಟಿಗೆ ಸೋತಿತು. 'ಅವಕಾಶ ಬಾಚಿಕೊಳ್ಳಿ' ಎಂಬ ಸೂತ್ರಕ್ಕೆ ಹದಿನೈದು ದಿನದ ಆಯಸ್ಸು. ಮೆಡಿಕಲ್ ಶಾಪಿನ ಕಣ್ಣಿನ ಡ್ರಾಪ್ಸ್‌ಗೂ ಮುಚ್ಚಳ ತೆಗೆದ ಮೇಲೆ ಒಂದು ತಿಂಗಳಿರುತ್ತದೆ.

ಇಲ್ಲಿಂದ ಮುಂದೆ ಪ್ರಬಂಧದ ಮುಖ್ಯ ಭಾಗ, ಶಿರಸ್ತ್ರಾಣ ಪ್ರಕರಣ. ತಿರುವಾಂಕೂರ್-ಕೊಚ್ಚಿ ಎಂಬ ಹೆಸರಿನಲ್ಲಿ 1951-52ರಲ್ಲಿ ರಣಜಿ ಟ್ರೋಫಿಗೆ ಇಳಿದ ಈ ನಾಡು ಮೊಟ್ಟಮೊದಲ ಫೈನಲ್ ಕಂಡದ್ದು 2025ರಲ್ಲಿ. ಹೇಗೆ ಕಂಡಿತು ಎಂಬುದನ್ನು ಗಮನಿಸಬೇಕು. ಕ್ವಾರ್ಟರ್ ಫೈನಲ್ಲಿನಲ್ಲಿ ಜಮ್ಮು-ಕಾಶ್ಮೀರ 280, ಕೇರಳ 281. ಒಂದು ರನ್ನಿನ ಮುನ್ನಡೆ. ಸೆಮಿಫೈನಲ್ಲಿನಲ್ಲಿ, ಅಹಮದಾಬಾದಿನಲ್ಲಿ, ಕೇರಳ 457. ಗುಜರಾತ್ ಒಂಬತ್ತು ವಿಕೆಟ್ಟಿಗೆ 455. ಕೊನೆಯ ಜೋಡಿ, ಕೊನೆಯ ದಿನ. ಅರ್ಜಾನ್ ನಾಗವಾಸ್ವಾಲಾ ಬೀಸಿದ ಚೆಂಡು ಶಾರ್ಟ್ ಲೆಗ್ಗಿನಲ್ಲಿ ನಿಂತಿದ್ದ ಸಲ್ಮಾನ್ ನಿಜಾರ್ ಅವರ ಹೆಲ್ಮೆಟ್ಟಿಗೆ ಬಡಿದು, ಮೇಲಕ್ಕೆ ಚಿಮ್ಮಿ, ಸ್ಲಿಪ್ಪಿನಲ್ಲಿದ್ದ ನಾಯಕ ಸಚಿನ್ ಬೇಬಿಯ ಕೈಗೆ ಬಂದು ಕೂತಿತು. ಎರಡು ರನ್ ಮುನ್ನಡೆ, ಎಪ್ಪತ್ತು ವರ್ಷಗಳ ಕಾಯುವಿಕೆ ಸಮಾಪ್ತಿ.

ಭಾಷಣಕಾರರು ಈ ಉದಾಹರಣೆಯನ್ನು ಬಿಡುವುದಿಲ್ಲ. "ನೋಡಿದಿರಾ, ಧೈರ್ಯವಾಗಿ ಹತ್ತಿರ ನಿಂತರು!" ಎನ್ನುತ್ತಾರೆ. ನಿಂತದ್ದು ನಿಜ, ಅದಕ್ಕೆ ನಮ್ಮ ನಮಸ್ಕಾರ. ಆದರೆ ಕ್ರಿಕೆಟ್ಟಿನ ನಿಯಮಾವಳಿಯಲ್ಲಿ 2017ರವರೆಗೂ ಫೀಲ್ಡರಿನ ಹೆಲ್ಮೆಟ್ಟಿಗೆ ಬಡಿದ ಚೆಂಡನ್ನು ಹಿಡಿದರೆ ನಾಟೌಟ್. ಆ ವರ್ಷ ಲಂಡನ್ನಿನ ಎಂಸಿಸಿಯವರು ನಿಯಮ ತಿದ್ದಿದರು. ಅದೇ ಧೈರ್ಯ, ಅದೇ ತಲೆ, ಅದೇ ಹೆಲ್ಮೆಟ್ಟು ಹತ್ತು ವರ್ಷ ಮೊದಲಾಗಿದ್ದರೆ ತಲೆನೋವು ಮಾತ್ರ ಲಾಭ. ಆದ್ದರಿಂದ ಇಲ್ಲಿ ದೊರೆಯುವ ಶುದ್ಧ ಪಾಠ ಇದೊಂದೇ: ಯಶಸ್ಸು ಬಯಸುವವನು ಪೆಟ್ಟು ಬೀಳುವ ಜಾಗದಲ್ಲಿ ನಿಲ್ಲಬೇಕು, ಮತ್ತು ನೋಡಿಯೇ ಇಲ್ಲದ ಊರಿನಲ್ಲಿ ಗೊತ್ತೇ ಇಲ್ಲದ ಸಮಿತಿಯೊಂದು ತನ್ನ ಪರವಾಗಿ ನಿಯಮ ತಿದ್ದಿರಬೇಕು. ಮೊದಲರ್ಧವನ್ನು ಪೋಸ್ಟರಿನಲ್ಲಿ ಬರೆಯುತ್ತಾರೆ.

ಫೈನಲ್ಲಿನಲ್ಲಿ ಏನಾಯಿತು? ವಿದರ್ಭ 379, ಕೇರಳ 342. ಸಚಿನ್ ಬೇಬಿ 98ಕ್ಕೆ ಔಟ್. ಪಂದ್ಯ ಡ್ರಾ, ಮೊದಲ ಇನ್ನಿಂಗ್ಸ್ ಮುನ್ನಡೆಯ ಲೆಕ್ಕದಲ್ಲಿ ಟ್ರೋಫಿ ವಿದರ್ಭಕ್ಕೆ. ಒಂದು, ಎರಡು ರನ್ನುಗಳ ಮುನ್ನಡೆ ಹೊತ್ತು ತಂದದ್ದನ್ನು ಮೂವತ್ತೇಳರ ಹಿನ್ನಡೆ ನುಂಗಿತು. ಅಲ್ಲಿ ವಿದರ್ಭದ ಪರ 86 ಮತ್ತು 135 ಹೊಡೆದವರು ಯಾರು? ಮಲಯಾಳಿ ಮನೆತನದ, ಬೆಂಗಳೂರಿನಲ್ಲಿ ಬೆಳೆದ ನಮ್ಮ ಕರುಣ್ ನಾಯರ್. ಇವರ ಕಥೆ ನೌಕರಿಯಲ್ಲಿರುವವರಿಗೆ ಪಾರಾಯಣ ಯೋಗ್ಯ. 2016ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ ಇಂಗ್ಲೆಂಡಿನ ಮೇಲೆ ಅಜೇಯ 303. ಅದರ ಮುಂದಿನ ಟೆಸ್ಟಿಗೆ ಹನ್ನೊಂದರಲ್ಲಿ ಜಾಗವಿಲ್ಲ. ಮುಂದೆ ಕೆಲಕಾಲ ಕರ್ನಾಟಕ ತಂಡದಲ್ಲೂ ಇರಲಿಲ್ಲ. ಅಪ್ರೈಸಲ್ಲಿನಲ್ಲಿ 'ನಿರೀಕ್ಷೆಗೂ ಮೀರಿದ ಸಾಧನೆ' ಎಂದು ಬರೆಸಿಕೊಂಡವರು ಮರುದಿನ ತಮ್ಮ ಕುರ್ಚಿ ಇದೆಯೇ ಎಂದು ನೋಡಿಕೊಳ್ಳಬೇಕೆಂಬುದು ಇದರ ಫಲಶ್ರುತಿ.

ಸೋಲು-ಗೆಲುವಿನ ಅಳತೆ ಇನ್ನೂ ಸಣ್ಣದಾಗಬಹುದು. ಆಲಪ್ಪುಳದ ಪುನ್ನಮಡ ಕಾಯಲಿನಲ್ಲಿ 2024ರ ನೆಹರೂ ಟ್ರೋಫಿ ದೋಣಿ ಸ್ಪರ್ಧೆ: ಕಾರಿಚ್ಚಾಲ್ ಚುಂಡನ್ 4 ನಿಮಿಷ 29.785 ಸೆಕೆಂಡ್, ವೀಯಪುರಂ ಚುಂಡನ್ 4 ನಿಮಿಷ 29.790. ರೆಪ್ಪೆ ಬಡಿಯುವುದಕ್ಕೇ ಈ ಅಂತರದ ಇಪ್ಪತ್ತು ಪಟ್ಟಾದರೂ ಸಮಯ ಬೇಕು. ಒಂದೊಂದು ಚುಂಡನ್ ದೋಣಿಯಲ್ಲಿ ನೂರರ ಸುಮಾರು ಜನ ಒಂದೇ ತಾಳಕ್ಕೆ ಹುಟ್ಟು ಹಾಕುತ್ತಾರೆ. ಒಂದು ದೋಣಿಯವರಲ್ಲಿ ಒಗ್ಗಟ್ಟಿತ್ತು, ಇನ್ನೊಂದರಲ್ಲಿ 0.005 ಸೆಕೆಂಡಿನಷ್ಟು ಒಗ್ಗಟ್ಟು ಸಾಲಲಿಲ್ಲ ಎನ್ನುವವರು ಬಂದು ಆ ನೂರು ಜನರ ಎದುರು ನಿಂತು ಹೇಳಲಿ. ನಾವು ದಡದಲ್ಲಿರುತ್ತೇವೆ.

ಆಡದೆಯೂ ಗೆಲ್ಲಬಹುದೇ? ಕೊಚ್ಚಿ ಇದಕ್ಕೂ ದೃಷ್ಟಾಂತ ಒದಗಿಸಿದೆ. 2011ರ ಐಪಿಎಲ್‌ನಲ್ಲಿ ಕೊಚ್ಚಿ ಟಸ್ಕರ್ಸ್ ಕೇರಳ ಎಂಬ ತಂಡವಿತ್ತು. 14 ಪಂದ್ಯ ಆಡಿ 6 ಗೆದ್ದಿತು. ಅದೇ ವರ್ಷ ಬ್ಯಾಂಕ್ ಗ್ಯಾರಂಟಿಯ ತಕರಾರಿನಲ್ಲಿ ಬಿಸಿಸಿಐ ಅದನ್ನು ಕಿತ್ತುಹಾಕಿತು. ಮಧ್ಯಸ್ಥಿಕೆಯಲ್ಲಿ 2015ರಲ್ಲಿ ತೀರ್ಪು ಫ್ರಾಂಚೈಸಿಯ ಪರ. ಅದನ್ನು ಬಾಂಬೆ ಹೈಕೋರ್ಟ್ 2025ರ ಜೂನ್‌ನಲ್ಲಿ ಎತ್ತಿಹಿಡಿಯಿತು, ಮೊತ್ತ 538 ಕೋಟಿ ರೂಪಾಯಿಗೂ ಮೇಲೆ. ಫೀಲ್ಡಿಂಗ್ ಅಭ್ಯಾಸಕ್ಕಿಂತ ಫೈಲಿಂಗ್ ಅಭ್ಯಾಸ ಮೇಲೆಂದು ನಮ್ಮ ಲೀಗಲ್ ವಿಭಾಗದವರು ಟಿಪ್ಪಣಿ ಬರೆದುಕೊಂಡರು.

ಜನಸಾಮಾನ್ಯನಿಗೆ ನೇರ ಲಾಭ ತಂದ ಗೆಲುವು ಒಂದಿದೆ. 1973ರ ಡಿಸೆಂಬರ್, ಎರ್ನಾಕುಳಂನ ಮಹಾರಾಜಾಸ್ ಕಾಲೇಜು ಮೈದಾನ. ರೈಲ್ವೇಸ್ ತಂಡವನ್ನು 3-2ರಲ್ಲಿ ಸೋಲಿಸಿ ಕೇರಳ ಮೊದಲ ಸಲ ಸಂತೋಷ್ ಟ್ರೋಫಿ ಗೆದ್ದಿತು. ನಾಯಕ ಮಣಿಯದೇ ಮೂರೂ ಗೋಲು. ಮರುದಿನ ಸರ್ಕಾರ ರಜೆ ಕೊಟ್ಟಿತು. ಬೇರೆಯವರ ಪರಿಶ್ರಮದಿಂದ ನಮಗೆ ರಜೆ: ಕ್ರೀಡೆಯಿಂದ ಬದುಕಿಗೆ ದೊರೆತ ಪಾಠಗಳಲ್ಲಿ ಇಷ್ಟು ಸ್ಪಷ್ಟವಾದದ್ದು ಮತ್ತೊಂದಿಲ್ಲ.

ಪರೇಡ್ ಗ್ರೌಂಡಿನಲ್ಲಿ ರೂಫಸ್ ಡಿಸೋಜಾ ಎಂಬ ಕೋಚ್ ದಶಕಗಳ ಕಾಲ ಫೋರ್ಟ್ ಕೊಚ್ಚಿಯ ಮಕ್ಕಳಿಗೆ ಫುಟ್‌ಬಾಲ್ ಕಲಿಸಿದರು. ಅವರ ಬಗ್ಗೆ ನಾವು ಓದಿದ್ದರಲ್ಲೆಲ್ಲ ಚೆಂಡನ್ನು ಚೆಂಡೆಂದೇ ಕಲಿಸಿದಂತೆ ಕಾಣುತ್ತದೆ. ಶಾಸ್ತ್ರಕಾರರಿಗೆ ಇದು ದೊಡ್ಡ ಇಕ್ಕಟ್ಟು. ಆದ್ದರಿಂದ ಅವರನ್ನು ಬಿಟ್ಟು ಮುಂದೆ ಹೋಗುತ್ತೇವೆ.

ಸಿದ್ಧಾಂತ. ಬದುಕಿಗೆ ಹೊಂದುವ ನಿಯಮಗಳು ದೊಡ್ಡ ಸ್ಟೇಡಿಯಮ್ಮಿನಲ್ಲಿಲ್ಲ, ಇದೇ ಗ್ರೌಂಡಿನ ಮೂಲೆಯಲ್ಲಿ ಟೆನಿಸ್ ಬಾಲ್ ಆಡುವ ಹುಡುಗರಲ್ಲಿವೆ. ಅವು ಬಸವನಗುಡಿಯ ಗಲ್ಲಿಯವೇ, ಭಾಷೆ ಮಾತ್ರ ಬೇರೆ. ಬ್ಯಾಟ್ ಯಾರದೋ ಅವನದೇ ಓಪನಿಂಗ್: ಕುಟುಂಬದ ಒಡೆತನದ ಕಂಪನಿಗಳ ಸಂವಿಧಾನವಿದು. ಬೇಬಿ ಓವರ್: ಆಗದ ಕೆಲಸವನ್ನು ಮೂರು ಬಾಲಿಗೇ ಕೈಬಿಡುವ ಗೌರವಯುತ ದಾರಿ. ಜನ ಬೆಸವಾದಾಗ ಎರಡೂ ಕಡೆ ಬ್ಯಾಟಿಂಗ್ ಮಾಡುವ ಕಾಮನ್ ಪ್ಲೇಯರ್, ನಮ್ಮಲ್ಲಿ ಜೋಕರ್ ಎನ್ನುತ್ತಿದ್ದುದು, ಅಮ್ಮ ಮತ್ತು ಹೆಂಡತಿಯ ನಡುವೆ ನಿಂತ ಗಂಡಸಿನ ಆದಿರೂಪ. ಅವನು ಎಷ್ಟೇ ರನ್ ಹೊಡೆದರೂ ಯಾವ ತಂಡವೂ ತನ್ನವನೆನ್ನುವುದಿಲ್ಲ, ಔಟಾದಾಗ ಎರಡೂ ಕಡೆ ಖುಷಿ. ಎಲ್ಲಕ್ಕೂ ಮೇಲೆ ಟ್ರಯಲ್ ಬಾಲ್. ಮೊದಲ ಎಸೆತ ಲೆಕ್ಕಕ್ಕಿಲ್ಲ. ಇಂಟರ್‌ವ್ಯೂಗೆ, ಹೊಸದಾಗಿ ಇಟ್ಟ ಹುಳಿಗೆ, ಕಾರಿನ ರಿವರ್ಸ್‌ಗೆ, ಚೊಚ್ಚಲ ಕವನ ಸಂಕಲನಕ್ಕೆ ಈ ಸೌಲಭ್ಯವಿದ್ದಿದ್ದರೆ ನಾಡಿನಲ್ಲಿ ಭಾಷಣಕಾರರ ಅಗತ್ಯವೇ ಬೀಳುತ್ತಿರಲಿಲ್ಲ.

ಪ್ರಯೋಗದಿಂದಲೂ ಇದು ಸಿದ್ಧವಾಗಿದೆ. ಸಂಜೆ ತಂಡ ಕಟ್ಟುವ ಕಾರ್ಯಕ್ರಮವೆಂದು ಭಾಷಣಕಾರರು ನಮ್ಮನ್ನು ಅದೇ ಹುಡುಗರ ಜೊತೆ ಆಟಕ್ಕೆ ಇಳಿಸಿದರು. ಬ್ಯಾಟಿನ ಒಡೆಯ ಹತ್ತು-ಹನ್ನೊಂದರ ಹುಡುಗ, ಅತಿಥಿಯೆಂದು ನಮ್ಮ ವೈಸ್ ಪ್ರೆಸಿಡೆಂಟ್ ಸಾಹೇಬರಿಗೆ ಒಂದೇ ಓವರಿಗೆ ಬ್ಯಾಟು ಬಿಟ್ಟುಕೊಟ್ಟ. ಮೊದಲ ಎಸೆತಕ್ಕೇ ಪೇರಿಸಿದ್ದ ಇಟ್ಟಿಗೆ ಉರುಳಿತು. ಎಚ್.ಆರ್. ಮೇಡಂ ಅಂಪೈರು, ಬೆರಳೆತ್ತುವುದೋ ಬೇಡವೋ ಎಂದು ಸಾಹೇಬರ ಮುಖ ನೋಡಿದರು. ಸಾಹೇಬರು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಬೌಲರ್ ಹುಡುಗನೇ "ಟ್ರಯಲಾ, ಚೇಟಾ" ಎಂದು ಇಟ್ಟಿಗೆ ಮತ್ತೆ ಜೋಡಿಸಿದ. ಎರಡನೇ ಎಸೆತವನ್ನು ಸಾಹೇಬರು ರಸ್ತೆಯಾಚೆಗೆ, ಯಾವುದೋ ಹಳೇ ಬಂಗಲೆಯ ಕಾಂಪೌಂಡಿನೊಳಕ್ಕೆ ಬಾರಿಸಿದರು. ನಮ್ಮ ಕಡೆಯಿಂದ ಭಾರಿ ಚಪ್ಪಾಳೆ. ಹುಡುಗರು ಮಾತ್ರ ಯಾರೂ ಕದಲಲಿಲ್ಲ. ಬ್ಯಾಟಿನ ಒಡೆಯ ಕೈ ಚಾಚಿ ತೋರಿಸಿದ: ಹೊಡೆದವನೇ ತರಬೇಕು.

ಸಾಹೇಬರು ಪಾಲಿಷ್ ಹಾಕಿದ ಬೂಟಿನಲ್ಲಿ ಗೋಡೆ ಹತ್ತಿದರು. ಭಾಷಣಕಾರರು ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡರು, ಮುಂದಿನ ಕಂಪನಿಗೆ 'ಹೊಣೆ ಹೊರುವ ನಾಯಕತ್ವ' ಎಂಬ ಸ್ಲೈಡಿಗೆ. ಚೆಂಡು ಸಿಗಲಿಲ್ಲ. ಹೊಸ ಟೆನಿಸ್ ಬಾಲ್ ತಂದು ಹುಡುಗರಿಗೆ ಕೊಟ್ಟ ಬಿಲ್ಲನ್ನು ತರಬೇತಿ ವೆಚ್ಚದಲ್ಲಿ ಸೇರಿಸಿ ಕಳಿಸಿದ್ದೇವೆ. ಅಕೌಂಟ್ಸಿನವರು ಅದು ಯಾವ ಪಾಠದ ಕೆಳಗೆ ಬರುತ್ತದೆ ಎಂದು ಕೇಳಿ ವಾಪಸು ಮಾಡಿದ್ದಾರೆ.