ಸೈಕಲ್ ಮಾಸ್ತರರ ನಲವತ್ತಾರನೇ ಹಲ್ಲು

ನಮ್ಮ ಕಡೆ ಯಾವ ಊರಿಗೆ ಹೋದರೂ ಒಬ್ಬ ರಿಟೈರ್ಡ್ ಮಾಸ್ತರು ಇದ್ದೇ ಇರುತ್ತಾರೆ. ಅವರಿಗೊಂದು ಹಳೇ ಸೈಕಲ್ ಇರುತ್ತದೆ. ಆ ಸೈಕಲ್ಲಿಗೆ ಬೇರೆ ಯಾರೂ ಕೈ ಹಚ್ಚುವಂತಿಲ್ಲ. ಲಕ್ಷ್ಮೇಶ್ವರದಲ್ಲಿ ಒಬ್ಬರಿದ್ದಾರೆ, ಶಿರಹಟ್ಟಿಯಲ್ಲಿ ಒಬ್ಬರು, ಮುಂಡರಗಿಯಲ್ಲಿ ಇಬ್ಬರಿದ್ದು ಒಬ್ಬರಿಗೊಬ್ಬರು ಮಾತಾಡುವುದಿಲ್ಲ. ಮುಳಗುಂದದವರನ್ನು ನಾವು ಸೈಕಲ್ ಮಾಸ್ತರು ಅನ್ನುತ್ತೇವೆ. ಸರ್ವಿಸ್ ಬುಕ್ಕಿನಲ್ಲಿ ಬೇರೆ ಹೆಸರಿದೆ. ಆದರೆ ಪೆನ್ಶನ್ ದಿನ ಬ್ಯಾಂಕಿನವರು ಆ ಹೆಸರು ಹಿಡಿದು ಕೂಗಿದರೆ ಅವರೇ ತಿರುಗಿ ನೋಡುವುದಿಲ್ಲ.

ಬಿಳಿ ಅಂಗಿ, ಬಲಗಾಲಿನ ಪ್ಯಾಂಟಿಗೊಂದು ಸ್ಟೀಲ್ ಕ್ಲಿಪ್ಪು. ಕಲಿಸಿದ್ದು ಗಣಿತ. ಊರಿನ ಅರ್ಧ ಮಂದಿ ಅವರ ಕೈಯಲ್ಲಿ ಕಲಿತವರು, ಉಳಿದರ್ಧ ಅವರ ಕೈಯಲ್ಲಿ ತಿಂದವರು. ಕಿರಾಣಿ ಅಂಗಡಿಯವ ಬಿಲ್ಲು ಕೂಡಿಸುವಾಗ ಮಾಸ್ತರು ಎದುರಿಗೆ ಬಂದು ನಿಂತರೆ ಇವತ್ತಿಗೂ ಅವನ ಕೈ ನಡುಗಿ ಲೆಕ್ಕ ತಪ್ಪುತ್ತದೆ. ಮಾತು ಯಾವುದೇ ಇರಲಿ, ಅವರದು ಸುರುವಾಗುವುದು ನಯಸೇನನಿಂದ: “1112ರಾಗ ಇದೇ ಊರಾಗ ಕುಂತು ನಯಸೇನ ‘ಧರ್ಮಾಮೃತ’ ಬರದಾನ, ಗೊತ್ತೈತೇನು?” ಮುಗಿಯುವುದು ಮಾತ್ರ ಸೈಕಲ್ ಚೈನಿಗೆ ಯಾವ ಎಣ್ಣೆ ಒಳ್ಳೆಯದು ಎಂಬಲ್ಲಿ. ನಡುವೆ ಒಂಬೈನೂರು ವರ್ಷ ಯಾವ ದಾರಿಯಲ್ಲಿ ಕಳೆದುಹೋಯಿತು ಎಂದು ಕೇಳುವ ಧೈರ್ಯ ಯಾರಿಗೂ ಇಲ್ಲ.

ಸೈಕಲ್ಲು ಅಟ್ಲಾಸ್. ನೌಕರಿ ಹತ್ತಿದ ಹೊಸದರಲ್ಲಿ ಕೊಂಡದ್ದು. ರವಿವಾರ ಬೆಳಿಗ್ಗೆ ಅಂಗಳದಲ್ಲಿ ಅದನ್ನು ತಲೆಕೆಳಗು ಮಾಡಿ ನಿಲ್ಲಿಸಿ, ಚೈನು ಬಿಚ್ಚಿ, ಚಿಮಣಿ ಎಣ್ಣೆಯ ಬುಟ್ಟಿಯಲ್ಲಿ ನೆನೆಹಾಕಿ, ಅದು ನೆನೆಯುವ ತನಕ ಗಾಲಿ ತಿರುಗಿಸುತ್ತ ಒಂದೊಂದೇ ಕಡ್ಡಿಗೆ ಉಗುರು ಬಡಿದು ಸಪ್ಪಳ ಕೇಳುತ್ತಾರೆ. ಸಡಿಲಾದ ಕಡ್ಡಿಯ ದನಿ ಬೇರೆಯಂತೆ. ಫ್ರೀವೀಲಿಗೆ ಹದಿನೆಂಟು ಹಲ್ಲು, ಅವನ್ನೂ ಎಣಿಸುತ್ತಾರೆ. ಕಳೆದ ವಾರ ಹದಿನೆಂಟಿದ್ದವು ಈ ವಾರ ಎಲ್ಲಿ ಹೋಗಬೇಕು? ಪಂಚರ್ ತಿದ್ದಿಸಲು ಮಾತ್ರ ಅಂಗಡಿಗೆ ಹೋಗುತ್ತಾರೆ. ಅಲ್ಲಿಯೂ ನೀರಿನ ಬುಟ್ಟಿಯಲ್ಲಿ ಟ್ಯೂಬು ಮುಳುಗಿಸಿ ಗುಳ್ಳೆ ಹುಡುಕುವವರು ಅವರೇ. ಅಂಗಡಿಯವನ ಕೆಲಸ ಪಕ್ಕದಲ್ಲಿ ಕೈಕಟ್ಟಿ ನಿಲ್ಲುವುದು. ಅವನೂ ಅವರ ಶಿಷ್ಯನೇ.

2006-07ರಲ್ಲಿ ಸರಕಾರ ಎಂಟನೆಯ ತರಗತಿಯ ಮಕ್ಕಳಿಗೆ ಪುಕ್ಕಟೆ ಸೈಕಲ್ ಕೊಡಲು ಸುರು ಮಾಡಿದಾಗ ಶಾಲೆಯಲ್ಲಿ ಆ ಜವಾಬ್ದಾರಿಯನ್ನು ಮಾಸ್ತರು ಕೇಳಿ ಪಡೆದರು. ಸೈಕಲ್ ಕೈಗೆ ಕೊಡುವ ಮುಂಚೆ ಒಂದು ಪ್ರಶ್ನೆ: “ದಾರ್ಯಾಗ ಚೈನು ಕಳಚಿದ್ರ ಹೆಂಗ ಏರಸ್ತೀ?” ಉತ್ತರ ಬಾರದವರಿಗೆ ಸೈಕಲ್ ಒಂದು ದಿನ ತಡ. ಮುಂದೆ 2020ರ ಜೂನ್ 3ರಂದು, ಸರಿಯಾಗಿ ವಿಶ್ವ ಸೈಕಲ್ ದಿನದಂದೇ, ಸಾಹಿಬಾಬಾದಿನಲ್ಲಿ ಅಟ್ಲಾಸ್‌ನ ಕಾರ್ಖಾನೆ ಬಾಗಿಲು ಹಾಕಿತು. 1951ರಲ್ಲಿ ಸೋನಿಪತ್‌ನಲ್ಲಿ ಹುಟ್ಟಿದ ಕಂಪನಿ. ಆ ಸುದ್ದಿ ಬಂದಾಗ ಮಾಸ್ತರು ಎರಡು ಹೊತ್ತು ಕಾಫಿ ಮುಟ್ಟಲಿಲ್ಲ ಎಂದು ಊರಲ್ಲಿ ಮಾತಾಯಿತು. ಅವರ ಮನೆಯ ಅಮ್ಮಾವ್ರು ಹೇಳುವುದೇ ಬೇರೆ: “ಕಾಫಿಪುಡಿ ತೀರಿತ್ರೀ. ಲಾಕ್‌ಡೌನಿನಾಗ ಗದಗಿಗೆ ಹೋಗಾಕ ಆಗಿರಲಿಲ್ಲ.”

ಕಾಫಿ ಅಂದೆ. ಮುಳಗುಂದ ಚಾ ಕುಡಿಯುವ ಊರು. ಎದ್ದ ಕೂಡಲೇ ಚಾ, ಹೊಲಕ್ಕೆ ಹೋಗುವ ಮುಂದೆ ಚಾ, ಮನೆಗೆ ಯಾರಾದರೂ ಬಂದರೆ ಚಾ, ಬಂದವರು ಏಳದಿದ್ದರೆ ಇನ್ನರ್ಧ ಚಾ. ದೇಶದ ಕಾಫಿಯಲ್ಲಿ ಶೇಕಡಾ 70ರಷ್ಟು ಕರ್ನಾಟಕದಲ್ಲೇ ಬೆಳೆಯುತ್ತದೆ ನಿಜ. ಆದರೆ ಅದು ಕೊಡಗು, ಚಿಕ್ಕಮಗಳೂರು, ಹಾಸನ ಬಿಟ್ಟು ಹೊರಟರೆ ನಮ್ಮ ಕಡೆ ಮುಖ ಮಾಡುವುದು ಕಡಿಮೆ. ಮಾಸ್ತರು ಮೈಸೂರಿನ ರೀಜನಲ್ ಕಾಲೇಜಿಗೆ ಬಿ.ಎಡ್. ಮಾಡಲು ಹೋದವರು ಬರುವಾಗ ಡಿಗ್ರಿಯ ಸಂಗಡ ಒಂದು ಹಿತ್ತಾಳೆ ಫಿಲ್ಟರನ್ನೂ ತಂದರು. ಡಿಗ್ರಿ ನೌಕರಿಗೆ ಬಂತು, ಫಿಲ್ಟರು ಮನೆಯಲ್ಲಿ ಜಗಳಕ್ಕೆ ಬಂತು. “ಇವರ ಡಿಕಾಕ್ಷನ್ ಇಳಿಯೋದ್ರಾಗ ನಾಕು ಮಂದಿಗೆ ಚಾ ಮಾಡಿ, ಕುಡಿಸಿ, ಕಪ್ಪು-ಬಶಿ ತೊಳದಿಟ್ಟಿರತೀನಿ” ಎಂಬುದು ಅಮ್ಮಾವ್ರ ಬಹಳ ವರ್ಷಗಳ ತಕರಾರು. ಬಂದವರು ಚಾ ಸಾಕು ಅಂದರೂ ಬಿಡುಗಡೆ ಇಲ್ಲ. ಚಿಕೋರಿ ಎಷ್ಟಿರಬೇಕು, ಹಾಲು ಯಾವಾಗ ಬೀಳಬೇಕು ಎಂಬ ಪಾಠ ಕೇಳಿಯೇ ಏಳಬೇಕು.

ಇಷ್ಟೆಲ್ಲ ಶಿಸ್ತಿನ ಮನುಷ್ಯ ಹಲ್ಲಿನ ವಿಷಯದಲ್ಲಿ ಮಾತ್ರ ಶುದ್ಧ ಉಡಾಳ. ಚಿಕ್ಕಂದಿನಲ್ಲಿ ಇದ್ದಿಲು, ಆಮೇಲೆ ಮಂಗನ ಚಿತ್ರದ ಕರಿ ಹಲ್ಲುಪುಡಿ, ಮೈಸೂರಿಗೆ ಹೋಗಿ ಬಂದ ಮೇಲೆ ನಂಜನಗೂಡು ಹಲ್ಲುಪುಡಿ. 1913ರಲ್ಲಿ ಸುರುವಾದ ಸದ್ವೈದ್ಯಶಾಲೆಯ ಆ ಗುಲಾಬಿ ಪುಡಿ ನೂರು ವರ್ಷ ಇಡೀ ನಾಡಿನ ಹಲ್ಲು ತಿಕ್ಕಿದೆ, ಇನ್ನು ತಮ್ಮ ಮೂವತ್ತೆರಡು ಯಾವ ಲೆಕ್ಕ ಎಂಬುದು ಅವರ ವಾದ. 1986ರಲ್ಲಿ ಧಾರವಾಡದ ಸತ್ತೂರಿನಲ್ಲಿ ಎಸ್‌ಡಿಎಂ ದಂತ ಕಾಲೇಜು ತೆರೆದಾಗ “ಹಲ್ಲು ಕೀಳಾಕೂ ಒಂದು ಕಾಲೇಜು!” ಎಂದು ನಕ್ಕವರು. ಬಲಗಡೆಯ ದವಡೆ ಹಲ್ಲಿಗೆ ಹುಳ ಹತ್ತಿ, ದೀಪಾವಳಿಯಿಂದ ಯುಗಾದಿಯ ತನಕ ಲವಂಗ ಕಚ್ಚಿಕೊಂಡೇ ಓಡಾಡಿದರು. ಸೈಕಲ್ಲಿನ ಬೇರಿಂಗಿನಲ್ಲಿ ಕಿರ್ ಎಂಬ ಸಪ್ಪಳ ಬಂದರೆ ಅವತ್ತೇ ಬಿಚ್ಚುವವರು ಸ್ವಂತ ಬಾಯಿಯೊಳಗಿನ ಸಪ್ಪಳವನ್ನು ಅಷ್ಟು ದಿನ ಕೇಳಿಸಿಕೊಳ್ಳಲಿಲ್ಲ. ಕೊನೆಗೆ ಆಷಾಢದಲ್ಲಿ ಗಲ್ಲ ಊದಿ, ಗದಗಿಗೆ ಹೋಗುವುದೆಂದು ಠರಾವಾಯಿತು. ಹೇಗೂ ಕಾಫಿಪುಡಿ ತೀರಿತ್ತು.

ಬಸ್ಸಿಗೆ ಬನ್ನಿ ಅಂದರೆ ಒಪ್ಪಲಿಲ್ಲ. “ಗಾಳಿ ಬೆನ್ನಿಗೈತಿ. ಪೆಡಲ್ ತುಳಿಯೋದಽ ಬ್ಯಾಡ, ತಾನಽ ಒಯ್ದು ಬಿಡತೈತಿ.” ಈ ಮಾತು ಸುಳ್ಳಲ್ಲ. ಮುಳಗುಂದದಿಂದ ಗದಗಿಗೆ ಇಪ್ಪತ್ತು ಕಿಲೋಮೀಟರಿನ ಆಜೂಬಾಜು. ಊರು ಗದಗಿನ ನೈಋತ್ಯಕ್ಕಿದೆ, ಮಳೆಗಾಲದ ಗಾಳಿಯೂ ಆ ಕಡೆಯಿಂದಲೇ ಬೀಸುತ್ತದೆ. ಕಪ್ಪತಗುಡ್ಡದ ಸಾಲಿನಲ್ಲಿ ಗಾಳಿಯಂತ್ರ ನಿಲ್ಲಿಸಿದ್ದು ಸುಮ್ಮನೆ ಅಲ್ಲ. ಕಂಪನಿಯವರು ಮೀಟರು ಹಚ್ಚಿ ವರ್ಷಗಟ್ಟಲೆ ಅಳೆದು ಕಂಡುಕೊಂಡದ್ದನ್ನು ತಾವು ಪೆಡಲ್ ಮೇಲೆ ಕಾಲಿಟ್ಟು ಮೊದಲೇ ಕಂಡುಕೊಂಡಿದ್ದಾಗಿ ಮಾಸ್ತರರ ದಾವೆ. ಬರುವಾಗ ಅದೇ ಗಾಳಿ ಎದೆಗೆ ಬರುತ್ತದಲ್ಲ ಅಂದದ್ದಕ್ಕೆ “ಬರೂದು ಆಮ್ಯಾಲಿಂದು” ಅಂದರು. ನಾನು ಬೈಕಿನಲ್ಲಿ ಹೋಗಿ ಮುಳಗುಂದ ನಾಕಾದಲ್ಲಿ ಕಾಯುತ್ತ ನಿಂತೆ. ತಾಸಿನ ಮೇಲೆ ಬಂದರು, ಗಲ್ಲಕ್ಕೆ ಟವೆಲು ಸುತ್ತಿಕೊಂಡು, ಆದರೆ ಗಂಟೆ ಬಾರಿಸುತ್ತ.

ದವಾಖಾನೆಯ ಮೆಟ್ಟಿಲಲ್ಲೇ ಮಾಸ್ತರು ವಿಚಾರಣೆ ಸುರು ಮಾಡಿದರು. “ಡಾಕ್ಟರು ಯಾವ ಬ್ಯಾಚಿನವರು?” ಡಾಕ್ಟರಮ್ಮ ಮೈಸೂರು ಕಡೆಯವರು, ಗದಗಿಗೆ ಮದುವೆಯಾಗಿ ಬಂದವರು. ಜಿಲ್ಲೆಯಲ್ಲಿ ತಮ್ಮ ಕೈಯಲ್ಲಿ ಕಿವಿ ಹಿಂಡಿಸಿಕೊಳ್ಳದ ಒಬ್ಬರ ಕೈಗೆ ಸಿಕ್ಕುಬೀಳುವ ಪ್ರಸಂಗ ಬಂತಲ್ಲ ಎಂದು ಮಾಸ್ತರ ಮುಖ ಇಳಿಯಿತು.

“ಬಾಯಿ ತೆಗೀರಿ ಸರ್. ಇನ್ನೂ ದೊಡ್ಡದಾಗಿ.”

ನೌಕರಿಯುದ್ದಕ್ಕೂ ಬಾಯಿ ಮುಚ್ಚಿರಿ ಎಂದೇ ಹೇಳಿ ರೂಢಿಯಾದವರು. ಅರೆಮನಸ್ಸಿನಿಂದ ತೆರೆದರು. ಡಾಕ್ಟರಮ್ಮ ಸಣ್ಣ ಕನ್ನಡಿ ಒಳಗಿಟ್ಟು ನೋಡಿ ಸಹಾಯಕಿಗೆ “ಫೋರ್ ಸಿಕ್ಸ್” ಅಂದರು. ಬಾಯಿ ಫಟ್ಟನೆ ಮುಚ್ಚಿತು.

“ಎಷ್ಟಂದ್ರಿ?”

“ನಲವತ್ತಾರು ಸರ್. ಹಲ್ಲಿನ ನಂಬರ್.”

“ಮನಶ್ಯಾಗ ಇರೂವು ಮೂವತ್ತೆರಡು. ನಲವತ್ತಾರನೇದ್ದು ಎಲ್ಲಿಂದ ಬಂತು?”

ಆ ಹುಡುಗಿಯ ತಾಳ್ಮೆ ದೊಡ್ಡದು. ಬಾಯಿಯನ್ನು ನಾಲ್ಕು ಪಾಲು ಮಾಡುತ್ತೇವೆ, ಬಲದ ಮೇಲಿನದು ಒಂದು, ಎಡದ ಮೇಲಿನದು ಎರಡು, ಎಡದ ಕೆಳಗಿನದು ಮೂರು, ಬಲದ ಕೆಳಗಿನದು ನಾಲ್ಕು. ಪಾಲಿಗೆ ಎಂಟು ಹಲ್ಲು, ನಡುವಿನಿಂದ ಎಣಿಕೆ. ನಿಮ್ಮದು ನಾಲ್ಕನೇ ಪಾಲಿನ ಆರನೆಯದು ಎಂದು ಬಿಡಿಸಿ ಹೇಳಿದರು. ಮಾಸ್ತರು ಕುರ್ಚಿಯಲ್ಲಿ ಎದ್ದು ಕುಂತರು. ನೋವು ಮರೆತುಹೋಗಿತ್ತು.

“ಹಂಗಾರ ಹತ್ತೊಂಬತ್ತನೇ ಹಲ್ಲು ಯಾವುದು?”

“ಇಲ್ಲ ಸರ್. ಹದಿನೆಂಟಾದ ಮೇಲೆ ಇಪ್ಪತ್ತೊಂದು.”

“ಮೂವತ್ತು?”

“ಅದೂ ಇಲ್ಲ.”

“ಶಾಣ್ಯಾಕಿ ಅದೀ” ಎಂದು ಪಾಸು ಮಾಡಿ ಮತ್ತೆ ಒರಗಿದರು. ಈ ಹಲ್ಲು ಆರು ವರ್ಷದ ಹೊತ್ತಿಗೆ ಹುಟ್ಟುತ್ತದೆ ಎಂದೂ ಡಾಕ್ಟರಮ್ಮ ಹೇಳಿದರು. ಅಂದರೆ ಒಂದನೇ ಇಯತ್ತೆಗೆ ಹೆಸರು ಹಚ್ಚಿದಾಗ ಸೇವೆಗೆ ಸೇರಿದ ಹಲ್ಲು. ಮಾಸ್ತರಿಗಿಂತ ಹೆಚ್ಚು ಸರ್ವಿಸ್ ಮಾಡಿತ್ತು, ಪೆನ್ಶನ್ ಕೇಳಿರಲಿಲ್ಲ.

ರಿಪೇರಿಯ ಮಾತು ಬಂತು. “ಔಟ್ ತಗದು, ಸ್ವಲ್ಪ ಬಿಗದು ಕೊಟ್ರ ನಡಿಯಂಗಿಲ್ಲೇನ್ರಿ? ತಗದು ಒಗಿಯೂದು ನಮ್ಮ ಪದ್ಧತಿ ಅಲ್ಲ.” ರೂಟ್ ಕೆನಾಲ್ ಮಾಡಬಹುದಿತ್ತು ಸರ್, ಮೊದಲೇ ಬಂದಿದ್ದರೆ, ಈಗ ಬೇರೇ ಸೀಳಿದೆ, ಕ್ಯಾಪ್ ಕೂರಿಸಲು ಗಟ್ಟಿ ಜಾಗ ಉಳಿದಿಲ್ಲ ಎಂದರು. ಮಾಸ್ತರು ನನ್ನ ಕಡೆ ಹೊರಳಿ, “ರಿಮ್ಮಽ ಹೋಗೇತಂತ” ಎಂದು ಅನುವಾದ ಮಾಡಿದರು. ಲವಂಗದ ವಿಷಯದಲ್ಲಿ ಮಾತ್ರ ಅವರು ಗೆದ್ದರು. ಹಲ್ಲಿಗೆ ತಾತ್ಪೂರ್ತಿಕ ಸಿಮೆಂಟು ಹಾಕುವಾಗ ಸತುವಿನ ಪುಡಿಗೆ ಕಲಸುವುದು ಲವಂಗದ ಎಣ್ಣೆಯಲ್ಲಿರುವ ಯೂಜೆನಾಲನ್ನೇ ಎಂದು ಡಾಕ್ಟರಮ್ಮ ಒಪ್ಪಿಕೊಂಡರು. “ಅಂದ್ರ ನಾನೂ ಇದಽ ಔಷಧ ಹಚ್ಚಿದ್ದೆ, ಬರೇ ಸಿಮೆಂಟ್ ಇರಲಿಲ್ಲ” ಎಂದು ಮಾಸ್ತರು.

ಸೂಜಿ ಕಂಡಾಗ ಹೊಸ ಉಪಾಯ. “ನಾವು ನಯಸೇನನ ಊರವರ್ರೀ…”

“ಹೌದಾ ಸರ್? ಅವರೂ ಜೊತೇಲಿ ಬಂದಿದ್ದಾರಾ? ಹೊರಗೆ ಕೂತಿರಲಿ” ಎಂದು ಡಾಕ್ಟರಮ್ಮ ಚುಚ್ಚಿಯೇಬಿಟ್ಟರು.

ಆಮೇಲಿನದು ಬೇಗ ಮುಗಿಯಿತು. ಇಕ್ಕಳ ಬಾಯಿಗೆ ಹೋಗುವ ಮುನ್ನ ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿ, “ಎಷ್ಟನೇ ನಂಬರಿನ ಪಾನಾ?” ಎಂದು ಕೇಳಿದ್ದೊಂದೇ ವಿಶೇಷ. ಹಲ್ಲು ಟ್ರೇದಲ್ಲಿ ಬಿದ್ದ ಕೂಡಲೇ ಬಾಯಲ್ಲಿ ಅರಳಿ ಕಚ್ಚಿಕೊಂಡೇ ಕೈಸನ್ನೆಯಲ್ಲಿ ಅದನ್ನು ವಾಪಸ್ಸು ಬೇಡಿದರು. ಹಳೇ ಸಾಮಾನು ಗಿರಾಕಿಗೆ ಸೇರಬೇಕು. ಅದೀಗ ಸೀಟಿನ ಕೆಳಗಿನ ಚೀಲದಲ್ಲಿ ವಾಲ್‌ಟ್ಯೂಬಿನ ಸಂಗಡ ಕಾಗದದ ಪುಡಿಕೆಯಲ್ಲಿದೆ.

ಡಾಕ್ಟರಮ್ಮ ನಿಯಮ ಹೇಳಿದರು: ಅರ್ಧ ತಾಸು ಅರಳಿ ಒತ್ತಿ ಹಿಡಿಯಬೇಕು, ಉಗುಳಬಾರದು, ಸ್ಟ್ರಾ ಹಾಕಿ ಹೀರಬಾರದು, ಇವತ್ತು ಬಿಸಿಯದು ಏನೂ ಬೇಡ. ಕುಳಿಯಲ್ಲಿ ಹೆಪ್ಪುಗಟ್ಟಿದ ರಕ್ತವೇ ಗಾಯದ ಮುಚ್ಚಳ. ಅದು ಕಿತ್ತುಬಂದರೆ ಹಲ್ಲುನೋವಿಗಿಂತ ದೊಡ್ಡ ನೋವು. ಮಾಸ್ತರು ಚೀಟಿಯ ಮೇಲೆ ಒಂದೇ ಶಬ್ದ ಬರೆದು ತೋರಿಸಿದರು: ಕಾಫಿ?

“ಪೂರ್ತಿ ಆರಿಸಿ ಕುಡೀರಿ ಸರ್. ನಂಗೇನೋ ಗೊತ್ತಿಲ್ಲಪ್ಪ, ನಾನು ಕಾಫಿ ಮುಟ್ಟಲ್ಲ. ಟೀನೇ.”

ಮೈಸೂರಿನವಳು! ಹಲ್ಲು ಕೀಳುವಾಗ ಬಾರದ ನೀರು ಮಾಸ್ತರ ಕಣ್ಣಿಗೆ ಆಗ ಬಂತು.

ಅರಳಿ ತೆಗೆದ ಮೇಲೆ ಟಾಂಗಾಕೂಟದ ಕಡೆಯ ಒಂದು ಹೋಟೆಲಿಗೆ ಹೋದೆವು. ಕಾಫಿ ಬಂತು. ಬಶಿಗೆ ಸುರಿದರು, ಊದಿದರು, ತಿರುಗಿ ಕಪ್ಪಿಗೆ ಹಾಕಿದರು, ಮತ್ತೆ ಬಶಿಗೆ. ಬೆರಳು ಅದ್ದಿ ನೋಡಿ, ಆರಿದೆ ಎಂದು ಖಾತ್ರಿಯಾದ ಮೇಲೆ ತುಟಿಗೆ ಹಚ್ಚಿದರು. ಸೂಜಿಯ ಅಮಲು ಇನ್ನೂ ಇಳಿದಿರಲಿಲ್ಲ. ಬಲಗಡೆಯ ತುಟಿಗೆ ತಾನು ತೆರೆದಿದ್ದೇನೆಯೋ ಮುಚ್ಚಿದ್ದೇನೆಯೋ ತಿಳಿಯದು. ಕಾಫಿ ಗದ್ದದಿಂದ ಇಳಿದು ಕಾಲರು ದಾಟಿ ಗುಂಡಿಯ ಸಾಲು ಹಿಡಿದು ಹೊರಟಿತು. ಮಾಸ್ತರು ಕಣ್ಣು ಮುಚ್ಚಿ ಪೂರ್ತಿ ಬಶಿ ಎತ್ತಿದರು. ಕುಡಿದದ್ದು ಅಂಗಿ. “ತಿಕೋಲಿ ಹೆತ್ತಾಗೇತಿ” ಎಂದು ತೀರ್ಪು ಕೊಟ್ಟರು. ಚಿಕೋರಿ ಹೆಚ್ಚಾಗಿದೆ ಎಂದು ಹೋಟೆಲಿನವನಿಗೆ ನಾನೇ ತಿಳಿಸಬೇಕಾಯಿತು.

ಬರುವಾಗ ಗಾಳಿ ತನ್ನ ಲೆಕ್ಕ ಚುಕ್ತಾ ಮಾಡಿತು. ನಾಕಾ ದಾಟಿ ಎರಡು ಫರ್ಲಾಂಗು ತುಳಿಯುವುದರಲ್ಲಿ ಮಾಸ್ತರು ಕೆಳಗಿಳಿದರು. ಒಂದು ಟಂಟಂ ಬಂತು, ಓಡಿಸುವವ ಶಿಷ್ಯ. ಅಟ್ಲಾಸನ್ನು ಮೇಲೆ ಹಗ್ಗ ಹಾಕಿ ಕಟ್ಟಿದೆವು. ಊರು ಮುಟ್ಟುವ ತನಕ ಅವರು ಒಂದು ಕೈಯಿಂದ ಗಲ್ಲ, ಇನ್ನೊಂದು ಕೈ ಹೊರಗೆ ಚಾಚಿ ಮುಂದಿನ ಗಾಲಿ ಹಿಡಿದಿದ್ದರು. ಗಲ್ಲವನ್ನು ನಡುನಡುವೆ ಬಿಟ್ಟರು, ಗಾಲಿ ಬಿಡಲಿಲ್ಲ.

ಡಾಕ್ಟರಮ್ಮ ಒಂದು ಮೆತ್ತನೆಯ ಬ್ರಶ್ಶು ಪುಕ್ಕಟೆ ಕೊಟ್ಟಿದ್ದರು, ಉಳಿದ ಹಲ್ಲು ಉಳಿಸಿಕೊಳ್ಳಿ ಎಂದು. ರವಿವಾರ ಅವರ ಅಂಗಳ ಹೊಕ್ಕರೆ ಅದೇ ಬ್ರಶ್ಶು, ಎಣ್ಣೆ ಮೆತ್ತಿಕೊಂಡು, ಫ್ರೀವೀಲಿನ ಮೇಲೆ ಓಡಾಡುತ್ತಿತ್ತು. “ಸರ, ಅದು ನಿಮ್ಮ ಹಲ್ಲಿಗೆ ಕೊಟ್ಟದ್ದಲ್ರೀ?”

“ಹೊಸಾದ್ದನ್ನ ಯಾಕ ಬಾಯಾಗ ಹಾಳ ಮಾಡೂದು? ಇದ್ರ ಹಲ್ಲಿನ ಸಂದ್ಯಾಗ ಚಂದ ಹೋಗತೈತಿ. ಡಾಕ್ಟರು ಹೇಳಿದಂಗಽ, ಮ್ಯಾಲಿಂದ ಕೆಳಗ ತಿಕ್ಕಾಕತ್ತೀನಿ.”

ನೀವು ಮುಳಗುಂದಕ್ಕೆ ಬಂದರೆ ಸಿದ್ಧೇಶ್ವರ ಗುಡಿ ನೋಡಿ, ಬಸದಿಗಳನ್ನು ನೋಡಿ, ದಾವಲಮಲಿಕ್ ದರ್ಗಾಕ್ಕೆ ಹೋಗಿ ಬನ್ನಿ. ಮಾಸ್ತರು ಸಿಕ್ಕು ಕಾಫಿಗೆ ಕರೆದರೆ ಇಲ್ಲವೆನ್ನಬೇಡಿ. ಡಿಕಾಕ್ಷನ್ ಇಳಿಯಲು ಮುಕ್ಕಾಲು ತಾಸು ಹಿಡಿಯುತ್ತದೆ, ಗದಗಿನ ಬಸ್ಸಿನ ವ್ಯಾಳೆ ಕೇಳಿಕೊಂಡೇ ಒಳಗೆ ಹೋಗಿ.