ಮೊದಲು ನಿಮ್ಮ ಪಹಣಿ ತೋರಿಸಿ

ಮಲೆನಾಡಿನ ಗುಡ್ಡಗಳ ಬಗ್ಗೆ ಬಾಯಿಬಿಡುವ ಅರ್ಹತೆ ಯಾರಿಗೂ ಇಲ್ಲ ಎಂಬುದು ಈಗ ಇತ್ಯರ್ಥವಾಗಿದೆ. ಬೆಂಗಳೂರಿನವರು ಮಾತಾಡಿದರೆ, ಎಸಿ ರೂಮಿನಲ್ಲಿ ಕೂತವರಿಗೆ ಉಂಬಳ ಕಚ್ಚಿ ಗೊತ್ತೇನ್ರೀ? ಊರಿನವನೇ ಮಾತಾಡಿದರೆ, ಎನ್‌ಜಿಒ ದುಡ್ಡು ಬರ್ತಿರಬೇಕು ಇವನಿಗೆ. ಜಮೀನಿಲ್ಲದವನಾದರೆ ಕಳಕೊಳ್ಳುವುದೇನಿದೆ, ಮಾತಾಡ್ತಾನೆ. ಹತ್ತೆಕರೆ ತೋಟ ಇದ್ದವನಾದರೆ ಹೊಟ್ಟೆ ತುಂಬಿದವನ ಮಾತು. ಮುದುಕರಿಗೆ ಅರುಳುಮರುಳು, ಹುಡುಗರು ನಿನ್ನೆ ಮೊನ್ನೆ ಹುಟ್ಟಿದವು. ಹೆಂಗಸರು ಮಾತಾಡಿದರೆ ಏನಂತಾರೆ ಎಂಬುದನ್ನು ಅಚ್ಚು ಹಾಕುವ ಹಾಗಿಲ್ಲ.

ನಮ್ಮ ಕಡೆಯ ಸೊಸೈಟಿ ಸಭೆಯೊಂದರಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಎದ್ದು ನಿಂತು, ಮನೆ ಹಿಂದಿನ ಧರೆಯನ್ನು ಜೆಸಿಬಿಯಲ್ಲಿ ನೆಟ್ಟಗೆ ಕೆತ್ತಬೇಡಿ, ಮಳೆಗೆ ಜಾರುತ್ತದೆ, ಮೇಲೊಂದು ಅಗಳು ತೋಡಿ ನೀರು ತಿರುಗಿಸಿ ಎಂದರು. ‘ನಿಮ್ಮ ಮಗ ಅಮೆರಿಕದಲ್ಲಿದ್ದಾನಲ್ಲ ಮೇಷ್ಟ್ರೇ?’ ಎಂದು ಹಿಂದಿನ ಸಾಲಿನಿಂದ ಉತ್ತರ ಬಂತು. ಚಪ್ಪಾಳೆಯೂ ಬಿತ್ತು. ಧರೆಗೂ ಅಮೆರಿಕಕ್ಕೂ ಏನು ಸಂಬಂಧ ಎಂದು ಯಾರೂ ಕೇಳಲಿಲ್ಲ. ಉಪ್ಪಿಟ್ಟು ಆರುತ್ತಿತ್ತು.

ಇಂಥ ಪರೀಕ್ಷೆಯಲ್ಲಿ ಪುಣೆಯ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ನಪಾಸಾಗಿದ್ದರಲ್ಲಿ ಆಶ್ಚರ್ಯವೇನಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೂರು ದಶಕ ದುಡಿದು ಪಶ್ಚಿಮ ಘಟ್ಟ ಸುತ್ತಿದ್ದೆಲ್ಲ ಲೆಕ್ಕಕ್ಕೆ ಬರಲಿಲ್ಲ. ಇಲ್ಲಿ ಅವರ ಹೆಸರಿನ ಪಹಣಿ ಎಲ್ಲಿದೆ? ಘಟ್ಟ ಉಳಿಸುವ ಬಗ್ಗೆ ಅವರ ಸಮಿತಿ 2011ರಲ್ಲಿ ಕೊಟ್ಟ ವರದಿಯನ್ನು ಕೇಂದ್ರ ಬೀರುವಿನಲ್ಲಿಟ್ಟು ಬೀಗ ಹಾಕಿತು. ಮಾಹಿತಿ ಹಕ್ಕಿನ ಅರ್ಜಿ, ದೆಹಲಿ ಹೈಕೋರ್ಟ್ ಎಲ್ಲ ದಾಟಿ ಅದು ಹೊರಬಂದದ್ದು 2012ರಲ್ಲಿ. ಗ್ರಾಮಸಭೆಗಳ ಮುಂದಿಟ್ಟು ಚರ್ಚಿಸಿಯೇ ತೀರ್ಮಾನಿಸಿ ಎಂದು ಅದರಲ್ಲೇ ಬರೆದಿದೆ. ಅಷ್ಟನ್ನು ಓದಿಬಿಟ್ಟರೆ ‘ನಮ್ಮನ್ನು ಕೇಳದೆ ಒಕ್ಕಲೆಬ್ಬಿಸುತ್ತಾರೆ’ ಎಂಬ ಭಾಷಣಕ್ಕೆ ವಿಷಯವೇ ಇರುತ್ತಿರಲಿಲ್ಲ. ಆದ್ದರಿಂದ ಓದಲಿಲ್ಲ.

ಕೇರಳದವರು ನಮಗಿಂತ ಮುಂದುವರಿದವರು. ಇಡುಕ್ಕಿಯ ಕಾಂಗ್ರೆಸ್ ಸಂಸದ ಪಿ.ಟಿ. ಥಾಮಸ್ ವರದಿಯ ಪರ ನಿಂತರು. ಯಾವ ಪುಟದಲ್ಲಿ ಏನು ತಪ್ಪಿದೆ ಎಂದು ತೋರಿಸುವ ತಾಪತ್ರಯ ಯಾರಿಗೆ ಬೇಕು? ಬದುಕಿದ್ದ ಮನುಷ್ಯನ ಅಣಕು ಶವಯಾತ್ರೆ ನಡೆಯಿತು. 2014ರಲ್ಲಿ ಪಕ್ಷ ಟಿಕೆಟ್ ತಪ್ಪಿಸಿ ತಿಥಿಯನ್ನೂ ಮುಗಿಸಿತು. ಹೊರಲು ನಾಲ್ಕು ಹೆಗಲು ಸಲೀಸಾಗಿ ಸಿಗುತ್ತವೆ, ಓದಲು ಎರಡು ಕಣ್ಣು ಸಿಗುವುದೇ ಕಷ್ಟ. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ.

ಈ ನಡುವೆ ಗಾಡ್ಗೀಳ್ ವರದಿಯನ್ನು ಮರುಪರಿಶೀಲಿಸಲು ಇಸ್ರೊದ ಮಾಜಿ ಅಧ್ಯಕ್ಷ ಕಸ್ತೂರಿರಂಗನ್ ಬಂದರು, ಸೂಕ್ಷ್ಮ ಪ್ರದೇಶವನ್ನು ಘಟ್ಟದ ಶೇ 37ಕ್ಕೆ ಇಳಿಸಿದರು. ಗಾಡ್ಗೀಳರಿಗೆ ಕಾಡು ಬಿಟ್ಟು ಬೇರೇನೂ ಗೊತ್ತಿಲ್ಲ ಎಂದವರೇ, ರಾಕೆಟ್ ಹಾರಿಸುವವರಿಗೆ ಕಾಡೇನು ಗೊತ್ತು ಎಂದರು.

ನನಗೆ ಹೊಟ್ಟೆ ಉರಿಯುವುದು ಇಲ್ಲೇ. ಕಸ್ತೂರಿರಂಗನ್ ವರದಿಯ ಮೇಲೆ ರೈತನ ಬಳಿ ಗಟ್ಟಿ ತಕರಾರು ಇತ್ತು. ಗ್ರಾಮದ ಶೇ 20ರಷ್ಟು ನೆಲ ನೈಸರ್ಗಿಕವಾಗಿದ್ದರೆ ಇಡೀ ಗ್ರಾಮವೇ ಪಟ್ಟಿಗೆ ಸೇರಬಹುದಿತ್ತು. ಉಪಗ್ರಹದ ಕಣ್ಣಿಗೆ ಮರದಡಿಯ ಕಾಫಿಯೂ ಕಾಡಿನ ಹಾಗೇ ಕಾಣುತ್ತದೆ. ಸರ್ವೆ ನಂಬರು ಹಿಡಿದು ಒಂದೊಂದಾಗಿ ಪ್ರಶ್ನಿಸಿದ್ದರೆ ದೆಹಲಿ ಉತ್ತರ ಕೊಡಲೇಬೇಕಿತ್ತು. ಸ್ವತಃ ಗಾಡ್ಗೀಳರೇ 2013ರಲ್ಲಿ ಕಸ್ತೂರಿರಂಗನ್ ಅವರಿಗೆ ಬಹಿರಂಗ ಪತ್ರ ಬರೆದು, ಸ್ಥಳೀಯರ ಪಾತ್ರವನ್ನು ನಿರಾಕರಿಸಿದ್ದು ತಪ್ಪು ಎಂದು ಜಗಳ ತೆಗೆದಿದ್ದರು. ರೈತನ ಪರವಾದ ಈ ಮಾತು ರೈತ ಸಭೆಗಳಿಗೇ ಕೇಳಿಸಲಿಲ್ಲ. ಮೈಕಿನಲ್ಲಿ ಅವರ ಊರು ಯಾವುದೆಂಬ ಚರ್ಚೆ ಜೋರಾಗಿ ನಡೆದಿತ್ತು.

2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಬಿತ್ತು. 30ರಂದು ವಯನಾಡು. ಮರುದಿನವೇ ಘಟ್ಟದ ಸೂಕ್ಷ್ಮ ಪ್ರದೇಶ ಗುರುತಿಸುವ ಕೇಂದ್ರದ ಆರನೇ ಕರಡು ಅಧಿಸೂಚನೆ ಬಂತು, ಅದರಲ್ಲಿ ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್. ಸೆಪ್ಟೆಂಬರ್‌ನಲ್ಲಿ ನಮ್ಮ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು.

ಇಂಥ ಕರಡಿಗೆ ಆಕ್ಷೇಪಣೆ ಸಲ್ಲಿಸಲು 60 ದಿನ ಕೊಡುತ್ತಾರೆ. ಮುಂದಿನದು ಬಂದಾಗ ದಯವಿಟ್ಟು ನಿಮ್ಮ ಸರ್ವೆ ನಂಬರು, ನಿಮ್ಮ ಬೆಳೆ, ನಿಮ್ಮ ತಕರಾರು ಬರೆದು ಕಳಿಸಿ. ಗಾಡ್ಗೀಳರು ಪುಣೆಯವರೆಂಬುದು ದೆಹಲಿಗೆ ಮೊದಲೇ ಗೊತ್ತಿದೆ.