ಗೊತ್ತಿಲ್ಲದ ಬೆರಳಿನ ಭಾಗ್ಯ

ನನ್ನ ಹತ್ತು ಬೆರಳಿಗೂ ಸರ್ಕಾರದ ಸರ್ಟಿಫಿಕೇಟಿದೆ. ಇಂಗ್ಲಿಷ್ ಸೀನಿಯರ್, ಕನ್ನಡ ಸೀನಿಯರ್, ಎರಡೂ ಫಸ್ಟ್ ಕ್ಲಾಸು. ನಮ್ಮ ಕಾಲದಲ್ಲಿ ಪಿಯುಸಿ ಪಾಸಾದ ಹುಡುಗಿಯರು ಮದುವೆಯಾಗುವ ತನಕ, ಫೇಲಾದ ಹುಡುಗರು ಪಾಸಾಗುವ ತನಕ ಟೈಪಿಂಗ್ ಕ್ಲಾಸಿಗೆ ಹೋಗುತ್ತಿದ್ದರು. ಬಸ್ ಸ್ಟ್ಯಾಂಡಿನ ಪಕ್ಕದ ಮಹಡಿ, ಮೂಲೆಯಲ್ಲಿ ಗಣಪತಿ ಫೋಟೊ, ಸಾಲಾಗಿ ಹಳೇ ಮಿಷನ್ನುಗಳು. ‘ಎ ಎಸ್ ಡಿ ಎಫ್ ಜಿ ಎಫ್’ ಎಂದು ಎಲ್ಲರೂ ಒಟ್ಟಿಗೆ ಕುಟ್ಟಲು ಶುರುಮಾಡಿದರೆ ಕೆಳಗಿನ ಹೋಟೆಲಿನ ಸೂರಿನಿಂದ ಮಣ್ಣು ಉದುರುತ್ತದೆ ಎಂದು ಅದರ ಮಾಲೀಕರ ತಕರಾರಿತ್ತು. ಕೀಲಿ ನೋಡಿಕೊಂಡು ಹೊಡೆದರೆ ಮಾಸ್ಟರ ಸ್ಕೇಲು ಬೆರಳಿನ ಮೇಲೆ ಬೀಳುತ್ತಿತ್ತು. ಹಾಗಾಗಿ ಆ ವಿದ್ಯೆ ನನ್ನ ತಲೆಯಲ್ಲಿಲ್ಲ, ಮೂಳೆಯಲ್ಲಿದೆ.

ಕಚೇರಿಗೆ ಕಂಪ್ಯೂಟರ್ ಬಂದಾಗ ನಮ್ಮ ಸೂಪರಿಂಟೆಂಡೆಂಟರು, “ಮೇಡಂ ಇದ್ದಾರಲ್ಲ, ಇನ್ನು ಯೋಚನೆಯಿಲ್ಲ” ಎಂದರು. ನಾನೂ ಹಾಗೇ ತಿಳಿದಿದ್ದೆ. ಆದರೆ ಕಂಪ್ಯೂಟರಿನಲ್ಲಿ ಕನ್ನಡಕ್ಕೆ ಇದ್ದದ್ದು ಕೆ.ಪಿ. ರಾವ್ ಅವರ ಕೀಲಿಮಣೆ. ಟೈಪ್‌ರೈಟರಿನಲ್ಲಿ ಇದ್ದ ಜಾಗದಲ್ಲಿ ಒಂದು ಅಕ್ಷರವೂ ಇರಲಿಲ್ಲ. ಕಣ್ಣು ತೆರೆಯಲ್ಲಿಟ್ಟು ‘ಮಾನ್ಯರೇ’ ಎಂದು ಹೊಡೆದೆ. ತೆರೆಯ ಮೇಲೆ ಮೂಡಿದ್ದನ್ನು ಯಾವ ಮಾನ್ಯರಿಗೂ ತೋರಿಸುವ ಹಾಗಿರಲಿಲ್ಲ.

ಅದೇ ವಾರ ಹೊರಗುತ್ತಿಗೆಯಲ್ಲಿ ಒಬ್ಬ ಹುಡುಗ ಬಂದ. ಟೈಪ್‌ರೈಟರನ್ನು ಅವನು ಸಿನಿಮಾದಲ್ಲಿ ಬಿಟ್ಟು ಇನ್ನೆಲ್ಲೂ ನೋಡಿದವನಲ್ಲ. ಕೀಬೋರ್ಡಿನ ಎದುರು ಕೂತ, ಕೆ ಒತ್ತಿದರೆ ಕ, ಜಿ ಒತ್ತಿದರೆ ಗ ಎಂದು ಮಗ್ಗಿ ಹೇಳುವಂತೆ ಹೇಳಿಕೊಂಡ, ಮಧ್ಯಾಹ್ನದ ಹೊತ್ತಿಗೆ ಸುತ್ತೋಲೆ ಹೊಡೆಯುತ್ತಿದ್ದ. ಅದೂ ಎರಡೇ ಬೆರಳಿನಲ್ಲಿ! ಉಳಿದ ಎಂಟು ಬೆರಳುಗಳ ಮಟ್ಟಿಗೆ ನನ್ನ ಮಾಸ್ಟರು ಇವನನ್ನು ಜೈಲಿಗೆ ಹಾಕಿಸುತ್ತಿದ್ದರು.

ನನಗೂ ಅವನಿಗೂ ಇದ್ದ ವ್ಯತ್ಯಾಸ ಇಷ್ಟೆ. ಅವನು ಕಲಿಯಬೇಕಿತ್ತು. ನಾನು ಮೊದಲು ಮರೆಯಬೇಕಿತ್ತು. ಮರೆಯುವುದನ್ನು ಕಲಿಸುವ ಇನ್‌ಸ್ಟಿಟ್ಯೂಟು ಯಾವ ಬಸ್ ಸ್ಟ್ಯಾಂಡಿನ ಪಕ್ಕದಲ್ಲೂ ಇಲ್ಲ.

ಹಳೆಯ ಕನ್ನಡ ಟೈಪ್‌ರೈಟರ್ ಏನೂ ಸಾಮಾನ್ಯ ಸಾಧನೆಯಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಇಂಗ್ಲಿಷಿನ 26 ಅಕ್ಷರಕ್ಕೆಂದು ಹುಟ್ಟಿದ ಯಂತ್ರದೊಳಗೆ ನಮ್ಮ ಕಾಗುಣಿತವನ್ನೂ ಒತ್ತುಗಳನ್ನೂ ತುಂಬಿದ ಅನಂತಸುಬ್ಬರಾಯರಿಗೆ ನಾನು ಈಗಲೂ ಕೈಮುಗಿಯುತ್ತೇನೆ. ಆದರೆ ತುಂಬಿದ್ದು ತುಂಬಿದ್ದೇ. ಅಕ್ಷರದ ಮೈ ಒಂದು ಕಡೆ, ಗುಡಿಸು ಇನ್ನೊಂದು ಕಡೆ, ಕೊಂಬು ಮತ್ತೊಂದು ಕಡೆ, ಒತ್ತು ಎಲ್ಲೋ ಮೂಲೆಯಲ್ಲಿ. ಎಲ್ಲವನ್ನೂ ಕಾಗದದ ಮೇಲೆ ಜೋಡಿಸುವ ಜವಾಬ್ದಾರಿ ಟೈಪಿಸ್ಟಿನದು. ‘ರಾಷ್ಟ್ರಪತಿ’ ಎಂದು ಹೊಡೆದು ಮುಗಿಸಿದಾಗ ಆ ಹುದ್ದೆಯಿಂದ ನಾನೇ ನಿವೃತ್ತಳಾದಷ್ಟು ಸುಸ್ತಾಗುತ್ತಿತ್ತು.

ಮಂಗಳೂರಿನ ಹತ್ತಿರದ ಕಿನ್ನಿಕಂಬಳದ ಕೆ.ಪಿ. ರಾಯರು ಆ ಯಂತ್ರದ ರಿಪೇರಿಗೆ ಹೋಗಲಿಲ್ಲ. ಅಕ್ಷರ ಕಾಗದದ ಮೇಲೆ ಹೇಗೆ ಕಾಣುತ್ತದೆ ಎಂಬುದನ್ನು ಕಂಪ್ಯೂಟರಿಗೆ ಬಿಟ್ಟು, ಬಾಯಲ್ಲಿ ಹೇಗೆ ಹೇಳುತ್ತೇವೆ ಎಂಬಲ್ಲಿಂದ ಶುರುಮಾಡಿದರು. ವ್ಯಂಜನ, ಅದರ ಹಿಂದೆ ಸ್ವರ; ಒತ್ತು ಬೇಕಾದರೆ ನಡುವೆ ಎಫ್ ಕೀಲಿ. ‘ಲಕ್ಷ್ಮಿ’ಗೆ ಎಲ್, ಕೆ, ಎಫ್, ಎಕ್ಸ್, ಎಫ್, ಎಂ, ಐ. ಅಷ್ಟೇ, ಲಕ್ಷ್ಮಿ ಪ್ರತ್ಯಕ್ಷ. ಒತ್ತಕ್ಷರವಿಲ್ಲದೆ ನಮ್ಮ ಭಾಷೆ ಒಂದು ಸಾಲು ಮುಂದೆ ಹೋಗುವುದಿಲ್ಲ. ಅದರ ಕೀಲಿ ಎಡಗೈ ತೋರುಬೆರಳು ಸುಮ್ಮನೆ ಕೂತಿರುವ ಜಾಗದಲ್ಲೇ ಸಿಗುತ್ತದೆ. ಹೊಟ್ಟೆಯುರಿಯಿಂದ ಗಮನಿಸಿದ್ದಾದರೂ ಗಮನಿಸಿದೆ. ತಮ್ಮ ತಂತ್ರಾಂಶಕ್ಕೆ ಅವರು ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿಗೆ ‘ಸೇಡಿಯಾಪು’ ಎಂದೇ ಹೆಸರಿಟ್ಟು, ಕಾಸು ಕೇಳದೆ ಹಂಚಿದರು. ಮುಂದೆ ಸರ್ಕಾರವೂ ಆ ವಿನ್ಯಾಸವನ್ನೇ ಒಪ್ಪಿಕೊಂಡಿತು. ‘ನುಡಿ’ ತಂತ್ರಾಂಶದಲ್ಲಿ ಕೂತು ನನ್ನ ಸರ್ಟಿಫಿಕೇಟನ್ನು ಅಣಕಿಸಿದ್ದು ಅದೇ.

ಹಳೆಯದನ್ನು ಬಿಟ್ಟು ಮೊದಲಿನಿಂದ ಕಟ್ಟುವ ಈ ಯೋಗ ಇಂಗ್ಲಿಷಿನವರಿಗೆ ಬರಲಿಲ್ಲ. ಅಮೆರಿಕದ ಶೋಲ್ಸ್ ಟೈಪ್‌ರೈಟರಿಗೆ ಪೇಟೆಂಟ್ ಪಡೆದದ್ದು 1868ರಲ್ಲಿ. ರೆಮಿಂಗ್ಟನ್ ಕಂಪನಿ ಅದನ್ನು ಮಾರಾಟಕ್ಕಿಟ್ಟದ್ದು 1874ರಲ್ಲಿ. ಕ್ಯೂ ಡಬ್ಲ್ಯೂ ಇ ಆರ್ ಟಿ ವೈ ಎಂಬ ಸಾಲು ಅಂದಿನದು. ಅಕ್ಷರದ ಕಡ್ಡಿಗಳು ಒಂದಕ್ಕೊಂದು ಸಿಕ್ಕಿಕೊಳ್ಳದಿರಲಿ ಎಂದು ಹಾಗೆ ಜೋಡಿಸಿದರು ಎನ್ನುತ್ತಾರೆ, ಪಂಡಿತರಲ್ಲಿ ಆ ಬಗ್ಗೆ ಜಗಳವೂ ಇದೆ. ಅಗಸ್ಟ್ ಡ್ವೊರಾಕ್ ಎಂಬ ಪ್ರೊಫೆಸರು 1936ರಲ್ಲಿ, ಇದೆಲ್ಲ ಬಿಟ್ಟು ಹೊಸದಾಗಿ ಶುರುಮಾಡೋಣ ಎಂದು ಸ್ವರಗಳನ್ನೆಲ್ಲ ಒಂದೇ ಸಾಲಿಗೆ ತಂದು ಇನ್ನೊಂದು ಕೀಲಿಮಣೆಗೆ ಪೇಟೆಂಟ್ ಪಡೆದರು. ಅಷ್ಟರಲ್ಲಿ ಊರ ತುಂಬ ನನ್ನಂಥವರೇ ತುಂಬಿಕೊಂಡಿದ್ದರು. ಯಾರು ಕೇಳುತ್ತಾರೆ? ಇವತ್ತು ಕಡ್ಡಿಯೇ ಇಲ್ಲದ ಮೊಬೈಲಿನಲ್ಲೂ, ಸಿಕ್ಕಿಕೊಳ್ಳಲು ಏನೂ ಇಲ್ಲದ ಗಾಜಿನ ಮೇಲೂ, ಅದೇ ಕ್ಯೂ ಡಬ್ಲ್ಯೂ ಇ. ರಾಯರು ಕೂಡ ತಮ್ಮ ಹೊಸ ಮನೆ ಕಟ್ಟಿದ್ದು ಇದೇ ಹಳೇ ತಳಪಾಯದ ಮೇಲೆ. ಟ ಬರಲು ಕ್ಯೂ, ಡ ಬರಲು ಡಬ್ಲ್ಯೂ ಒತ್ತಬೇಕೆಂದರೆ ಕೆಲಸವಿಲ್ಲದೆ ಕೂತಿದ್ದ ಇಂಗ್ಲಿಷ್ ಕೀಲಿಗಳಿಗೆ ಅವರು ನೌಕರಿ ಕೊಟ್ಟರು ಎಂದೇ ನನ್ನ ಭಾವನೆ.

ಕೊನೆಗೆ ನಾನೂ ಕಲಿತೆ. ಹೊರಗುತ್ತಿಗೆಯ ಹುಡುಗನೇ ಗುರು. “ಮೇಡಂ, ನಿಮ್ಮ ಬೆರಳು ತುಂಬಾ ಓದಿಕೊಂಡಿದೆ, ಅದೇ ತೊಂದರೆ” ಎನ್ನುತ್ತಿದ್ದ. ಮೊನ್ನೆ ಮೊನ್ನೆ ಸಿಕ್ಕಿದ್ದ. ಈಗ ಬೇರೆ ಇಲಾಖೆಯಲ್ಲಿ ಕಾಯಂ ಆಗಿದ್ದಾನೆ, ಕಿವಿಯ ಪಕ್ಕ ಬಿಳಿ ಕೂದಲು ಬಂದಿದೆ. “ಏನು ಹೇಳಲಿ ಮೇಡಂ, ಹೊಸ ಹುಡುಗರಿಗೆ ಕೆ.ಪಿ. ರಾವ್ ಕೀಲಿಮಣೆ ಅಂದ್ರೇನು ಅಂತಲೇ ಗೊತ್ತಿಲ್ಲ. ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಕುಟ್ಟುತ್ತಾರೆ, ಅದು ತಾನಾಗಿ ಕನ್ನಡ ಆಗುತ್ತಂತೆ. ಶಿಸ್ತೇ ಇಲ್ಲ” ಎಂದು ಬೇಜಾರು ಮಾಡಿಕೊಂಡ. ನಾನು ಬಹಳ ವ್ಯಥೆಪಟ್ಟವಳಂತೆ ತಲೆಯಾಡಿಸಿದೆ. ಮನೆಗೆ ಬಂದು ಸಂತೋಷಕ್ಕೆ ಎರಡನೇ ಕಾಫಿ ಮಾಡಿಕೊಂಡು ಕುಡಿದೆ.

ನನ್ನ ತಂಗಿಯ ಮಗಳ ಪ್ರಕಾರ ಅದೂ ಹಳೆಯದಾಯಿತು. “ದೊಡ್ಡಮ್ಮ, ಟೈಪ್ ಯಾಕೆ ಮಾಡ್ತಾ ಕೂತಿದ್ದೀಯ? ಮೈಕ್ ಒತ್ತಿ ಹೇಳು, ಅದೇ ಬರ್ಕೊಳ್ಳತ್ತೆ” ಎಂದು ಮೊಬೈಲನ್ನು ನನ್ನ ಬಾಯಿಗೆ ಹಿಡಿದಳು. ಬೀಗರ ಕಡೆಯವರೊಬ್ಬರ ಮಗನ ಮದುವೆಗೆ ಹೋಗಲಾಗಿರಲಿಲ್ಲ. ಗಂಟಲು ಸರಿಮಾಡಿಕೊಂಡು ಶುಭಾಶಯ ಹೇಳಿದೆ. ಅಷ್ಟರಲ್ಲಿ ಬಾಗಿಲಲ್ಲಿ ಹಾಲಿನವನು ಕೂಗಿದ, ಅವನಿಗೂ ಉತ್ತರ ಕೊಟ್ಟೆ. ಹುಡುಗಿ ನೋಡದೆ ಕಳಿಸಿಬಿಟ್ಟಳು. ‘ನವದಂಪತಿಗಳಿಗೆ ಹಾರ್ದಿಕ ಶುಭಾಶಯಗಳು ಅರ್ಧ ಲೀಟರ್ ಸಾಕಪ್ಪ ನಿನ್ನೆಯದೇ ಒಡೆದುಹೋಯ್ತು’ ಎಂಬ ಸಂದೇಶ ಒಂದು ಕಾಗುಣಿತದ ತಪ್ಪೂ ಇಲ್ಲದೆ ಬೀಗರ ಮನೆ ತಲುಪಿತು. ಆ ಕಡೆಯಿಂದ ಜೋಡಿಸಿದ ಕೈಗಳ ಚಿತ್ರ ಬಂತು.